ಕೆಂಪು ಇಂಜಿನ್, ನೀಲಿ ಇಂಜಿನ್

ಆಂಬುಲೆನ್ಸ್ ಬರುವ ಮೊದಲು ಇನ್ನೊಂದು ಟ್ರ್ಯಾಕ್ಟರ್ ಬಂತು.

ಕಮಲಾಪುರ ದಾಟಿ ಕಂಪ್ಲಿ ಕಡೆ ಹೋಗುವ ರಸ್ತೆ, ಎರಡೂ ಬದಿ ಬಾಳೆ. ಕಾಲುವೆಯ ದಾರಿಯಿಂದ ಕಬ್ಬು ಹೇರಿಕೊಂಡು ಬಂದ ಕೆಂಪು ಟ್ರ್ಯಾಕ್ಟರ್ ನಿಲ್ಲದೆ ರಸ್ತೆಗೆ ನುಗ್ಗಿ ನನ್ನ ಕಾರಿನ ಎಡಭಾಗವನ್ನು ಒಳಕ್ಕೆ ಮಡಚಿಹಾಕಿತ್ತು. ಪಕ್ಕದ ಸೀಟಿನಲ್ಲಿದ್ದ ನೆರೆಮನೆಯ ಹುಲಿಗೆಮ್ಮನ ಕಾಲು ಬಾಗಿಲಿನ ತಗಡಿನಡಿ ಸಿಕ್ಕಿಕೊಂಡಿತ್ತು. ನಾನು ಅವಳ ತಲೆಯನ್ನು ಎತ್ತಿ ಹಿಡಿದು ಕೂತಿದ್ದೆ. ತೋಟಗಳಿಂದ ಜನ ಬಂದರು. ಇಬ್ಬರು ಕೆಂಪು ಟ್ರ್ಯಾಕ್ಟರಿನ ಹಿಂದಿನ ಪಿನ್ನು ಎಳೆದು ಕಬ್ಬಿನ ಟ್ರಾಲಿಗಳನ್ನು ಬಿಡಿಸಿದರು. ಕೆಂಪು ಟ್ರ್ಯಾಕ್ಟರ್ ಕಾಲುವೆಗುಂಟ ಹೊರಟುಹೋಯಿತು. ನೀಲಿಯದೊಂದು ಹಿಮ್ಮುಖವಾಗಿ ಬಂದು ಅದರ ಜಾಗದಲ್ಲಿ ನಿಂತಿತು. ಪಿನ್ನು ಮತ್ತೆ ಕೂತಿತು.

ಯಾರೋ ನೀರಿನ ಬಾಟಲಿ ಕೊಟ್ಟು, "ಯಾವೂರ್ ರೀ ನಿಮ್ದು?" ಎಂದರು.

"ಮಂಗಳೂರು."

"ಅಷ್ಟ್ ದೂರದಾಕಿ ಇಲ್ಲಿ ಯಾಕ್ ಬಂದ್ರಿ?"

ಹುಲಿಗೆಮ್ಮನ ಕಾಲಿನ ವಿಷಯ ಅದುವರೆಗೆ ಯಾರೂ ಕೇಳಿರಲಿಲ್ಲ. ಟ್ರಾಲಿಗಳನ್ನು ರಸ್ತೆಯಿಂದ ಸರಿಸಲು ಇನ್ನೊಂದು ಟ್ರ್ಯಾಕ್ಟರ್ ತಂದಿದ್ದಾರೆ ಎಂದೇ ನಾನು ತಿಳಿದೆ. ನಮ್ಮ ಮಂಗಳೂರಿನಲ್ಲಾದರೆ ಮೊದಲು ವಾದ ನಡೆಯುತ್ತದೆ, ಆಮೇಲೆ ಫೋನು. ಪೊಲೀಸರು ಬರುವ ತನಕ ವಾಹನಗಳು ನಡುರಸ್ತೆಯಲ್ಲಿ ಅಡ್ಡ ನಿಂತಿರುತ್ತವೆ. ಇಲ್ಲಿ ಮಾತಿಲ್ಲದೆ ಕೆಲಸ ಆಗುತ್ತದಲ್ಲ ಎಂದು ಆ ನೋವಿನಲ್ಲೂ ಮೆಚ್ಚಿಕೊಂಡೆ.

ಅವರು ಮಾಡಿದ ಕೆಲಸ ಏನೆಂದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಇಲ್ಲಿ ಟ್ರ್ಯಾಕ್ಟರಿನ ಮುಂದಿನ ಯಂತ್ರಕ್ಕೆ ಇಂಜಿನ್ ಎನ್ನುತ್ತಾರೆ. ಅದಕ್ಕೂ ಟ್ರಾಲಿಗೂ ಇರುವ ಸಂಬಂಧ ಒಂದು ಪಿನ್ನಿನದು. ಕೆಂಪು ಇಂಜಿನ್‌ಗೆ ವಿಮೆ ಇರಲಿಲ್ಲ, ನೀಲಿಯದಕ್ಕೆ ಇತ್ತು. ಪಿನ್ನು ತೆಗೆದು ಹಾಕಿದ್ದರಲ್ಲಿ ಅಪಘಾತ ಮಾಡಿದ ವಾಹನವೇ ಬದಲಾಗಿತ್ತು. ಸುತ್ತ ನಿಂತಿದ್ದವರೆಲ್ಲ ನೀಲಿ ಎಂದು ಹೇಳಿಕೆ ಕೊಟ್ಟಿದ್ದರು.

ಅಪಘಾತಕ್ಕೆ ಕೆಲವು ತಿಂಗಳ ಹಿಂದೆ ಪತ್ರಿಕೆಯೊಂದರ ವರದಿಗಾರ್ತಿಯಾಗಿ ನಾನು ಹೊಸಪೇಟೆಗೆ ಬಂದಿದ್ದೆ. ಊರಿನ ನಮ್ಮವರಿಗೆ ಹೊಸಪೇಟೆಯೆಂದರೆ ಹಂಪಿಗೆ ಹೋಗುವಾಗ ರೈಲು ಇಳಿಯುವ ಜಾಗ. ಇಲ್ಲಿನವರು ಹಂಪಿ ಬಜಾರಿಗೆ ಹೋಗುವುದು ಮನೆಗೆ ನೆಂಟರು ಬಂದಾಗ ಮಾತ್ರ. ಅವರ ದಿನಗಳು ಸಂಡೂರಿನ ಅದಿರು ಲಾರಿ, ಕಂಪ್ಲಿಯ ಭತ್ತದ ಧಾರಣೆ, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂಬ ಸುದ್ದಿಗಳಲ್ಲಿ ಕಳೆಯುತ್ತವೆ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಊರಲ್ಲಿ ಗೊಣಗುತ್ತಿದ್ದೆ. ಇಲ್ಲಿ ಹರವಿ ಒಳಗೆ ಬರುವಷ್ಟರಲ್ಲಿ ಒಣಗುತ್ತದೆ, ಆದರೆ ಮಡಚಿದರೆ ಕೈಗೆ ಕೆಂಪು ಧೂಳು ಹತ್ತುತ್ತದೆ.

ಮನೆ ಸಿಗುವುದು ಕಷ್ಟವಾಯಿತು. ಒಬ್ಬಳೇ ಎಂದರೆ ಒಂದು ಬಾಗಿಲು ಮುಚ್ಚುತ್ತಿತ್ತು, ಕರಾವಳಿಯವಳು ಎಂದರೆ ಮೀನಿನ ನೆನಪಾಗಿ ಇನ್ನೊಂದು. ಕೊನೆಗೆ ಅಕ್ಕಿ ಗಿರಣಿಯ ಬಸವರಾಜಪ್ಪ ತಮ್ಮ ಹಿಂದಿನ ಮನೆ ಕೊಟ್ಟರು. ಹಣೆತುಂಬ ವಿಭೂತಿ ಧರಿಸುವ, ನಿಧಾನ ಮಾತಿನ ಹಿರಿಯರು. ಮೀನು ತರಕೂಡದು ಎಂಬುದೊಂದೇ ಷರತ್ತು. ನಾನು ಊರಿಂದ ತಂದ ದಪ್ಪ ಕೆಂಪು ಕುಚ್ಚಲಕ್ಕಿಯನ್ನು ಅಂಗೈಯಲ್ಲಿ ಹಿಡಿದು, "ಇದನ್ನ ನಮ್ಮ ಗಿರಣ್ಯಾಗ ತಗದಿದ್ರ ರೈತ್ರು ನನ್ನ ಹೊಡೀತಿದ್ರು ನೋಡ್ರಿ" ಎಂದು ನಕ್ಕಿದ್ದರು.

ಎದುರು ಮನೆಯವಳು ಹುಲಿಗೆಮ್ಮ. ಸಂಡೂರು ತಾಲ್ಲೂಕಿನ ಬಂಡ್ರಿಯಿಂದ ಬಂದು, ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದಿಂದ ತನ್ನನ್ನೂ ಮಗಳನ್ನೂ ಸಾಕಿಕೊಂಡವಳು. ಮಂಗಳೂರಿನಲ್ಲಿ ಹತ್ತು ವರ್ಷದ ನೆರೆಯವರೂ ಗೇಟಿನ ಹೊರಗೆ ನಿಂತು ಮಾತಾಡುತ್ತಾರೆ. ಇವಳು ಎರಡನೆಯ ದಿನವೇ ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ನೋಡಿ, "ಶೇಂಗಾ ಪುಡಿ ಇಲ್ದ ಮನಿ ಮನೀನ ಅಲ್ಲ ಬಿಡ್ರಿ" ಎಂದು ತೀರ್ಪು ಕೊಟ್ಟಳು. ನನ್ನ ಕನ್ನಡ ಅವಳಿಗೆ ಭಾರಿ ತಮಾಷೆ.

"ಪೇಪರ್ ಓದಿದಂಗ ಮಾತಾಡ್ತೀರಲ್ರಿ ಅಕ್ಕಾರ. ಒಂಚೂರು ಬೈಯೋದು ಕಲೀರಿ. ಇಲ್ಲಾಂದ್ರ ತರಕಾರಿಯಾಂವ ಕೊಳ್ತಿದ್ದೇ ಹಾಕ್ತಾನ."

ಕಲಿತೆ. ಸಂತೆಯಲ್ಲಿ ಮೊದಲ ಸಲ "ಏನ್ ಹುಡುಗಾಟ ಹಚ್ಚೀಯಲೇ?" ಎಂದು ಗದರಿದ ದಿನ ಅವಳು ಓಣಿಗೆಲ್ಲ ಆ ಸುದ್ದಿ ಹಂಚಿದಳು. ಈ ಊರಿನಲ್ಲಿ ನನಗೆ ದಕ್ಕಿದ ಮೊದಲ ಗೆಲುವು ಅದು.

ಅಪಘಾತದ ದಿನ ಕಂಪ್ಲಿಯ ಮದುವಣಗಿತ್ತಿಯೊಬ್ಬಳ ರವಿಕೆಗಳನ್ನು ಕೊಡಲು ಹುಲಿಗೆಮ್ಮನನ್ನು ಕರೆದುಕೊಂಡು ಹೊರಟಿದ್ದೆ. ದಾರಿಯಲ್ಲಿ ಅವಳು ತಲೆ ಬಗ್ಗಿಸಿ ಕೊನೆಯ ರವಿಕೆಗೆ ಹುಕ್ಕು ಹಚ್ಚುತ್ತಿದ್ದಳು. ಬಂದು ಬಡಿದದ್ದು ಯಾವ ಬಣ್ಣದ್ದೆಂದು ಅವಳು ನೋಡಲೇ ಇಲ್ಲ. ನಮ್ಮಿಬ್ಬರಲ್ಲಿ ನೋಡಿದವಳು ನಾನೊಬ್ಬಳು.

ಹೇಳಿಕೆ ಪಡೆಯಲು ಬಂದ ಪೊಲೀಸರಿಗೆ ಕೆಂಪು ಎಂದೆ. ಪಿನ್ನು ತೆಗೆದದ್ದನ್ನೂ ಹಾಕಿದ್ದನ್ನೂ ಹೇಳಿದೆ. ಹೇಳಿದಂತೆಯೇ ಬರೆದುಕೊಂಡರು. ಈರಣ್ಣ ಎಂಬ ರೈತನ ಹೊಲದ ಮನೆಯ ಹಿಂದೆ ಕೆಂಪು ಟ್ರ್ಯಾಕ್ಟರ್ ಸಿಕ್ಕಿತು. ಅಷ್ಟರಲ್ಲಿ ಅದರ ಮುಂಭಾಗಕ್ಕೆ ಹೊಸ ಬಂಪರ್ ಬಂದಿತ್ತು. ಅದನ್ನು ತಂದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದರು. ಒಂದು ಕಡೆ ಊರಿನವರ ಮಾತು, ಇನ್ನೊಂದು ಕಡೆ ನನ್ನದು.

ಹುಲಿಗೆಮ್ಮನ ತೊಡೆಯ ಮೂಳೆಗೆ ಬಳ್ಳಾರಿಯಲ್ಲಿ ರಾಡು ಹಾಕಿದರು. ಎಡಗಾಲು ಯಂತ್ರ ತುಳಿಯುವಷ್ಟು ಮಣಿಯುತ್ತದೋ ಇಲ್ಲವೋ, ಇನ್ನೊಂದು ಶಸ್ತ್ರಚಿಕಿತ್ಸೆಯ ನಂತರ ಹೇಳುತ್ತೇವೆ ಎಂದರು. ನನ್ನ ಹಳೆಯ ಕಾರಿಗೆ ಇದ್ದದ್ದು ಥರ್ಡ್ ಪಾರ್ಟಿ ವಿಮೆ. ಅದು ರಸ್ತೆಯಲ್ಲಿದ್ದವರಿಗೆ ಸಲ್ಲುತ್ತದೆ, ಕಾರಿನೊಳಗೆ ಕೂತವರಿಗೆ ಸಲ್ಲುವುದಿಲ್ಲ. ಅವಳ ಕಾಲಿನ ಪರಿಹಾರ ಟ್ರ್ಯಾಕ್ಟರಿನ ಕಡೆಯಿಂದಲೇ ಬರಬೇಕಿತ್ತು.

ವಾರದೊಳಗೆ ಬಸವರಾಜಪ್ಪ ಈರಣ್ಣನನ್ನು ಕರೆದುಕೊಂಡು ನನ್ನ ಮನೆಗೆ ಬಂದರು. ಈರಣ್ಣ ಅವರ ಗಿರಣಿಗೆ ತಲೆಮಾರಿನಿಂದ ಭತ್ತ ಹಾಕುವ ಮನೆತನದವನು. ಬಡವನಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ.

"ಕುಂದ್ರಿ" ಎಂದೆ.

"ಕುಂದ್ರಾಕ ಬಂದಿಲ್ರಿ" ಎಂದ ಈರಣ್ಣ. "ಒಂದ್ ವರ್ಷ ಇನ್ಸೂರೆನ್ಸ್ ಕಟ್ಟಿದ್ದೆ. ಹೊಲದಾಗ ಓಡೋ ಗಾಡಿಗಿ ಯಾಕಂತ ಬಿಟ್ಟೆ. ತಪ್ಪಾತು. ಅದಕ್ಕ ನೇಣ್ ಹಾಕ್ತೀರೇನ್?"

"ವಿಮೆ ಇಲ್ಲದ ಗಾಡಿಯನ್ನು ನೀವು ಹೊಲದಲ್ಲಿ ಓಡಿಸಲಿಲ್ಲ. ರಸ್ತೆಗೆ ತಂದಿರಿ."

ಬಸವರಾಜಪ್ಪ ಕೈ ಎತ್ತಿ ಇಬ್ಬರನ್ನೂ ತಡೆದರು. "ಮೇಡಂನೋರ, ನೀಲಿ ಗಾಡಿ ಅಂದ್ರ ಆ ಹೆಣ್ಮಗಳಿಗೆ ಕಂಪನಿಯಿಂದ ಪರಿಹಾರ ಬರ್ತೈತಿ. ಕೆಂಪು ಅಂದ್ರ ಈತ ಜಮೀನು ತಮ್ಮನ ಹೆಸರಿಗೆ ಮಾಡಿ ಕೈ ಎತ್ತತಾನ. ಈತನ ಮುಂದ ಹೇಳ್ತೀನಿ, ನಾನೂ ಅದನ್ನೇ ಮಾಡ್ತಿದ್ದೆ. ನಿಮ್ದು ಒಂದ್ ಮಾತು. ಕತ್ತಲಾಗಿತ್ತು, ಬಣ್ಣ ತಿಳೀಲಿಲ್ಲ ಅನ್ರಿ. ಯಾರಿಗೆ ಲುಕ್ಸಾನ್?"

"ಕತ್ತಲಾಗಿರಲಿಲ್ಲ."

"ಅಯ್ಯೋ, ಈಕಿಗೆ ಯಾರ್ ಹೇಳ್ಬೇಕು!" ಎಂದು ಈರಣ್ಣ ಬಾಗಿಲು ದಾಟಿದ. ಹೋಗುತ್ತಾ, ನನಗೆ ಕೇಳಲಿ ಎಂದೇ, "ಮೀನ ತಿನ್ನೋರಿಗೆ ಮುಳ್ಳು ಚುಚ್ಚಿದ್ರೂ ತಿಳೆಂಗಿಲ್ಲ ಬಿಡು" ಎಂದ. ಬಸವರಾಜಪ್ಪ ನಗಲಿಲ್ಲ, ಅವನನ್ನು ಗದರಲೂ ಇಲ್ಲ.

ಆಮೇಲೆ ನಾನು ವಕೀಲರೊಬ್ಬರನ್ನು ಕಂಡೆ. ವಿಮೆ ಇಲ್ಲದ ವಾಹನ ಗಾಯ ಮಾಡಿದರೆ, ಮಾಲೀಕ ಪರಿಹಾರಕ್ಕೆ ತಕ್ಕ ಭದ್ರತೆ ಕೊಡುವವರೆಗೆ ನ್ಯಾಯಾಲಯ ಅದನ್ನು ಬಿಡುವುದಿಲ್ಲ. ಕೊಡದಿದ್ದರೆ ಹರಾಜು. ಜಮೀನನ್ನು ತಮ್ಮನ ಹೆಸರಿಗೆ ಬರೆಯಬಹುದು, ಠಾಣೆಯ ಅಂಗಳದಲ್ಲಿ ನಿಂತ ಇಂಜಿನ್ನನ್ನು ಬರೆಯಲಾಗದು. ಹುಲಿಗೆಮ್ಮನಿಗೆ ಗಟ್ಟಿಯಾಗಿ ಇರುವುದು ಅದೊಂದೇ. ಅದು ಅಲ್ಲಿ ನಿಂತಿರುವುದು ನನ್ನ ಮಾತಿನ ಬಲದ ಮೇಲೆ. ನಾನು ಬಣ್ಣ ತಿಳಿಯಲಿಲ್ಲ ಎಂದರೆ ಕೆಂಪು ಟ್ರ್ಯಾಕ್ಟರ್ ಮನೆಗೆ ಹೋಗುತ್ತದೆ. ಆಮೇಲೆ ವಿಮೆ ಕಂಪನಿಯವರು ತನಿಖೆ ಮಾಡಿ ವಾಹನ ಬದಲಾಗಿದೆ ಎಂದು ಕಂಡುಹಿಡಿದರೆ ಅವಳಿಗೆ ಎರಡೂ ಇಲ್ಲ.

ಇದನ್ನೆಲ್ಲ ಹೇಳಲು ಅವಳ ಮನೆಗೆ ಹೋದೆ. ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಳು. ಹೊಲಿಗೆ ಯಂತ್ರಕ್ಕೆ ಸೀರೆ ಹೊದಿಸಿದ್ದರು. ಪೂರ್ತಿ ಕೇಳಿದಳು.

"ಈರಣ್ಣನ ಕಡೇರು ನನಗೂ ಹೇಳ್ಯಾರ್ರಿ. ನೀಲಿ ಅಂದ್ರ ಆಪರೇಷನ್ನಿಗೆ ಮುಂಚೇನ ರೊಕ್ಕ ಕೊಡ್ತಾರಂತ. ಹಿಂಗ ಎಷ್ಟ್ ಮಂದಿ ಮಾಡ್ಯಾರ! ಯಾರನ್ನ ಯಾರ್ ಹಿಡದಾರ?"

"ಸಿಕ್ಕಿಬಿದ್ದರೆ ನಿನಗೆ ಏನೂ ಸಿಗುವುದಿಲ್ಲ ಹುಲಿಗೆಮ್ಮ."

"ಸಿಕ್ಕಿಬಿದ್ರ. ಆ 'ರ' ನಿಮ್ದು. ಕಾಲು ನನ್ದು." ಕೈ ಮುಗಿದಳು. ಅವಳು ಕೈ ಮುಗಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ನಿಮ್ಮ ಕಾರ್ನ್ಯಾಗ ಕುಂತು ಹಿಂಗಾತು. ಒಂದ್ ಸುಳ್ಳು ಹೇಳಾಕ ನಿಮಗೇನ್ ತ್ರಾಸ?"

"ನಾನು ಕಂಡದ್ದು ಕೆಂಪು."

"ಹಂಗಾರ ಕೆಂಪನ್ನ ಕಟಗೊಂಡು ಕುಂದ್ರಿ" ಎಂದು ಮುಖವನ್ನು ಗೋಡೆಗೆ ತಿರುಗಿಸಿದಳು.

ಅಲ್ಲಿಂದ ಊರು ನನ್ನೊಡನೆ ಬೇರೆಯಾಗಿ ನಡೆದುಕೊಳ್ಳತೊಡಗಿತು. ಬಸವರಾಜಪ್ಪ, ಮಗನಿಗೆ ಮನೆ ಬೇಕಾಗಿದೆ, ತಿಂಗಳೊಳಗೆ ಬಿಡಿ ಎಂದರು. ಅವರ ಮಗ ಮೇಲಿನ ಮನೆಯಲ್ಲಿ ಆರಾಮಾಗಿದ್ದ. ಗ್ಯಾರೇಜಿನವರು ನನ್ನ ಕಾರನ್ನು ಮುಟ್ಟದೆ ನಿಲ್ಲಿಸಿದರು. ಕಂಪ್ಲಿಯಿಂದ ಸುದ್ದಿ ಕೊಡುತ್ತಿದ್ದವರು ಫೋನ್ ಎತ್ತುವುದನ್ನು ಬಿಟ್ಟರು. ಮಿರ್ಚಿ ಬಂಡಿಯವನು ನನಗಿಂತ ಹಿಂದೆ ಬಂದವರಿಗೆಲ್ಲ ಕೊಟ್ಟು, "ಖಾಲಿ ಆತ್ರಿ" ಎಂದ. ಬಾಣಲೆಯಲ್ಲಿ ಇನ್ನೂ ಬೇಯುತ್ತಿತ್ತು. ಮಂಗಳೂರಿನವರು ಸಿಟ್ಟು ಬಂದರೆ ಮಾತು ಬಿಡುತ್ತಾರೆ, ವ್ಯವಹಾರ ಬಿಡುವುದಿಲ್ಲ. ಇಲ್ಲಿ ಮಾತು ನಿಲ್ಲಲಿಲ್ಲ. ಎದುರಿಗೇ ಅಂದರು, "ಊರ್ ಬಿಟ್ಟು ಬಂದು ಊರ್ ಕೆಡಿಸ್ತಾಳ ನೋಡು." ನನಗೆ ಬೈಯಲು ಕಲಿಸಿದವರು ನನ್ನನ್ನು ಬೈಯುವಾಗ ಒಂದು ಶಬ್ದವೂ ಅರ್ಥವಾಗದೆ ಉಳಿಯಲಿಲ್ಲ. ನಾನೂ ಅವರನ್ನು ದ್ವೇಷಿಸಿದೆ. ಅವರ ಬಿಸಿಲು, ಅವರ ಜೋಳದ ರೊಟ್ಟಿ, ಅವರ 'ಬರ್ರಿ ಕುಂದ್ರಿ' ಯಾವುದೂ ಬೇಡವಾಯಿತು.

ಮಂಗಳೂರಿನ ಕಚೇರಿಯಲ್ಲಿ ಜಾಗವೊಂದು ಖಾಲಿಯಾಯಿತು. ಬರುವುದಾದರೆ ಕೂಡಲೇ ತಿಳಿಸು ಎಂದರು ಸಂಪಾದಕರು. ಆ ದಿನವೇ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಲು ಶುರುಮಾಡಿದೆ. ಸಾಕ್ಷಿಗೆ ಕರೆದಾಗ ಬಂದು ಹೇಳಿ ಹೋಗಬಹುದು ಎಂದುಕೊಂಡೆ. ವಕೀಲರು ಮಾತ್ರ, ದೂರ ಹೋದ ಸಾಕ್ಷಿ ಒಂದೆರಡು ಸಲ ಬರದಿದ್ದರೆ ಪ್ರಕರಣ ಸಡಿಲವಾಗುತ್ತದೆ, ಈರಣ್ಣ ಕಾಯುತ್ತಿರುವುದು ಅದಕ್ಕೇ ಎಂದಿದ್ದರು.

ಸಾಮಾನು ಸಾಗಿಸುವವರೊಡನೆ ಅಂಗಳದಲ್ಲಿ ಮಾತಾಡುತ್ತಿದ್ದಾಗ ಹುಲಿಗೆಮ್ಮ ವಾಕರ್ ಊರಿಕೊಂಡು ಓಣಿ ದಾಟಿ ಬಂದಳು. ಮಗಳು ಹಿಂದೆ ಕುರ್ಚಿ ಹೊತ್ತು ತಂದಿದ್ದಳು. ಹುಲಿಗೆಮ್ಮ ಕೂರಲಿಲ್ಲ.

"ಹೊಂಟ್ರಂತ?"

"ಹೌದು."

"ಈರಣ್ಣ ನಿನ್ನೆ ಮನಿಗಿ ಬಂದು ಏನಂದ ಗೊತ್ತೇನ್ರಿ? ಆಕಿ ಹೋಗ್ಲಿ, ಆಮ್ಯಾಲ ನೀನೂ ಇಲ್ಲ, ನಿನ್ನ ಕಾಲೂ ಇಲ್ಲ ಅಂದ. ನೀಲಿ ಗಾಡಿಯಾಂವ ಆಗ್ಲೇ ಹಿಂದ ಸರದಾನ. ಕಂಪನ್ಯಾರು ಬಂದು ಕೇಳಿದ್ದಕ್ಕ ಅಂಜಿದನಂತ." ಉಸಿರು ತೆಗೆದುಕೊಂಡಳು. "ಅವತ್ತ ಕೈ ಮುಗಿದ್ರೂ ನೀವು ಕೇಳಲಿಲ್ಲ. ಅದನ್ನ ನಾ ಸಾಯೂತನಕ ಮರಿಯೋದಿಲ್ಲ. ನಿಮ್ಮ ಮುಖ ನೋಡಾಕ ನನಗ ಮನಸಿಲ್ಲ. ಆದ್ರ ಹೋಗಬ್ಯಾಡ್ರಿ. ಕೋರ್ಟಿನ್ಯಾಗ ಕೆಂಪು ಅನ್ನೂತನಕ ಇಲ್ಲೇ ಬಿದ್ದಿರ್ರಿ."

ಸಾಗಣೆಯವನು ಪೆಟ್ಟಿಗೆ ಎತ್ತಲೋ ಬೇಡವೋ ಎಂದು ನನ್ನನ್ನು ನೋಡಿದ. ಬೇಡ ಎಂದೆ. ಹುಲಿಗೆಮ್ಮ ಆಗಲೇ ವಾಕರ್ ತಿರುಗಿಸಿದ್ದಳು. ಜೊತೆಗೆ ನಡೆಯಲು ಹೋದೆ. "ಬ್ಯಾಡ" ಎಂದಳು.

ಈಗ ಕಮಲಾಪುರದಲ್ಲಿ, ಮಾಲೀಕರು ದೂರದ ಊರಲ್ಲಿರುವ ಒಂದು ಮನೆಯಲ್ಲಿದ್ದೇನೆ. ಕೆಂಪು ಟ್ರ್ಯಾಕ್ಟರ್ ಠಾಣೆಯ ಅಂಗಳದಲ್ಲೇ ಇದೆ. ಸಂಪಾದಕರಿಗೆ ಬರುವುದಿಲ್ಲ ಎಂದು ಬರೆದ ಸುದ್ದಿ ಅಮ್ಮನಿಗೂ ತಲುಪಿತು. ಮಂಗಳೂರಿನಿಂದ ಫೋನ್ ಮಾಡಿದಳು.

"ಎಲ್ಲರೂ ನಿನ್ನನ್ನು ಬೈತಾರೆ ಅಂತ ನೀನೇ ಹೇಳಿದ್ದಲ್ಲ ಮಾರಾಯ್ತಿ. ಅಲ್ಲಿ ನಿನಗೆ ಯಾರುಂಟು?"

"ಹೋಗಬೇಡ ಅಂದವಳು ಒಬ್ಬಳುಂಟು."

"ಫ್ರೆಂಡಾ?"

"ಈಗ ಅಲ್ಲ" ಎಂದೆ.