ಒತೀಲಿಯಾ ಕಾದ ಪೆಟ್ಟಿಗೆ

ದಿನ್ನೆಯ ಮೇಲಿನ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತಿದ್ದ ಕಾಲವನ್ನು ನೆನೆದರೆ ಒತೀಲಿಯಾ ಬಿಬಿಯಾನೋಗೆ ಈಗಲೂ ಕಣ್ಣು ತೇವವಾಗುತ್ತದೆ. ಗೆರೆರೋ ಕರಾವಳಿಯಲ್ಲಿ ನೆಲ ನಡುಗಿದರೆ ಸಾಕು, ಭೂಕಂಪ ಗುರುತಿಸುವ ಆ ಪೆಟ್ಟಿಗೆ ದೂರದ ಮೆಕ್ಸಿಕೋ ನಗರಕ್ಕೆ ಸುದ್ದಿ ಮುಟ್ಟಿಸುತ್ತಿತ್ತು. ನಡುಕ ಅಲ್ಲಿಗೆ ತಲುಪುವಷ್ಟರಲ್ಲಿ ಸೈರನ್ ಕೂಗಿ, ಸುರಂಗದ ರೈಲುಗಳು ನಿಲ್ದಾಣದಲ್ಲೇ ನಿಂತು ಬಾಗಿಲು ತೆರೆಯುತ್ತಿದ್ದವು. ಅವಳ ಊರಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ನಡುಕ ಹುಟ್ಟುವುದೇ ಅವರ ಕಾಲಡಿಯಲ್ಲಿ.

ಪೆಟ್ಟಿಗೆಗೆ ಬಿಸಿಲೇ ಅನ್ನ. ಅದರ ಸೌರಫಲಕದ ಧೂಳು ಒರೆಸುವುದು, ಬೇಲಿಗೆ ಹಬ್ಬಿದ ಬಳ್ಳಿ ಕೀಳುವುದು ವಿಧವೆ ಒತೀಲಿಯಾಳ ಕೆಲಸ. ಒಬ್ಬಳೇ ಮಗಳು ರುಫೀನಾ ಅಮ್ಮನ ಲಂಗಕ್ಕೆ ಜೋತುಬಿದ್ದು, ಹಾಡುತ್ತಾ ದಿನ್ನೆ ಹತ್ತುತ್ತಿದ್ದಳು. ಎಂಥ ಚೆಂದದ ಬೆಳಗುಗಳವು! ದೊಡ್ಡವಳಾದ ಮೇಲೆ ಅದೇ ಹುಡುಗಿ ರಾಜಧಾನಿಯಲ್ಲಿ ಸುರಂಗದ ರೈಲು ಓಡಿಸತೊಡಗಿದಳು. ಅಂದಿನಿಂದ ಒತೀಲಿಯಾ ಆ ಫಲಕವನ್ನು ಕೂಸಿನ ಮುಖ ಒರೆಸಿದಂತೆ ಒರೆಸುತ್ತಿದ್ದಳು.

ಪುಂಡಿಹೂವಿನ ಕೊಯ್ಲು ಬಂತೆಂದರೆ ಊರಿಗೆಲ್ಲ ಒಂದೇ ಚಟ: ಬಿಸಿಲು ಕಂಡಲ್ಲೆಲ್ಲ ಕೆಂಪು ಹೂ ಒಣಗಲು ಹರವುವುದು. ಚಾವಣಿ ಆಯಿತು, ರಸ್ತೆ ಆಯಿತು, ಕೊನೆಗೆ ಆ ಫಲಕವನ್ನೂ ಬಿಡುತ್ತಿರಲಿಲ್ಲ.

"ಏ ಚೋನಾ, ತೆಗಿಯೇ ಆ ಹೂವನ್ನ! ನನ್ ಮಗಳು ನೆಲದೊಳಗೆ ಇದಾಳೆ ಕಣೇ!"

"ಅಯ್ಯೋ, ಪಟ್ಟಣದೋರ ಕಿವಿ ಕಾಯೋ ಮಹಾರಾಣಿ ಬಂದ್ಲು, ದಾರಿ ಬಿಡ್ರೇ!" ಎಂದು ನೆರೆಮನೆಯ ಚೋನಾ ನಗಾಡುತ್ತಿದ್ದಳು.

ಒಂದು ವರ್ಷ ಫಸಲು ಮನೆ ತುಂಬಿ ಅಂಗಳದಲ್ಲಿ ಜಾಗ ಸಾಲದಾಯಿತು. ಒತೀಲಿಯಾ ಯಾರ ಕಣ್ಣಿಗೂ ಬೀಳದಂತೆ ತಾನೇ ಫಲಕಕ್ಕೆ ಬಟ್ಟೆ ಕಟ್ಟಿ ಹೂ ಹರವಿದಳು. ಒಂದು ದಿನದ ಮಾತು ತಾನೇ ಅಂದುಕೊಂಡವಳು ಕೆಲಸದ ಗಡಿಬಿಡಿಯಲ್ಲಿ ಮರೆತೇಬಿಟ್ಟಳು. ವಾರದ ಮೇಲೆ ನೆನಪಾಗಿ ದಿನ್ನೆಗೆ ಓಡುತ್ತಿದ್ದಾಗಲೇ ನೆಲ ಗುಡುಗಿತು.

ಅಂಬೆಗಾಲಿಕ್ಕುತ್ತಾ ದಿನ್ನೆ ಏರಿ, ಬಟ್ಟೆಯನ್ನು ಕಿತ್ತೆಸೆದಳು. ಪೆಟ್ಟಿಗೆಯ ಬ್ಯಾಟರಿಯಲ್ಲಿ ಜೀವ ಉಳಿದಿತ್ತೋ ಇಲ್ಲವೋ ತಿಳಿಯುವ ಬಗೆ ಇರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ನನ್ನ ಕೈಯಾರೆ ಮಗಳನ್ನು ಕೊಂದೆನೇ ಎಂದು, ರಾಜಧಾನಿಯ ದಿಕ್ಕಿಗೆ ಮುಖ ಮಾಡಿ ಗ್ವಾದಲೂಪೆ ಮಾತೆಗೆ ಹರಕೆ ಹೊರುತ್ತಾ ಅಲ್ಲೇ ಕೂತಳು.

ಸಂಜೆಗೆ ಫೋನು ಬಡಿದುಕೊಂಡಿತು.

"ಅಮ್ಮಾ, ಸೈರನ್ ಕೂಗ್ತು! ರೈಲು ನಿಲ್ದಾಣ ಬಿಡ್ಲೇ ಇಲ್ಲ. ಜನ ಮೊದ್ಲು ಬೈದ್ರು, ಆಮೇಲೆ ತಬ್ಕೊಂಡ್ರು. ಯಾಕಮ್ಮಾ ಅಳ್ತೀಯ? ಮನೆ ಹೇಗಿದೆ?"

ಒತೀಲಿಯಾ ತಿರುಗಿ ದಿನ್ನೆಯ ಕೆಳಗೆ ನೋಡಿದ್ದು ಆಗಲೇ. ಅವಳ ಮನೆಯ ಚಾವಣಿ ನೆಲಕ್ಕೆ ಮಲಗಿತ್ತು.

"ಚೆನ್ನಾಗಿದೆ ಕಣೇ," ಅಂದಳು. "ಎಲ್ಲಾ ಚೆನ್ನಾಗಿದೆ."