ಪಾದಯಾತ್ರೆ ಮಾಡದ ಪಾದ

ಊರಿನವರೆಲ್ಲರ ನಡಿಗೆಯನ್ನೂ ನಾನು ಅಣಕಿಸಬಲ್ಲೆ. ಬನಹಟ್ಟಿಯ ಮಗ್ಗದ ಮಾಲೀಕರು ಹೊಟ್ಟೆಯನ್ನು ಮುಂದೆ ಕಳಿಸಿ ತಾವು ಹಿಂದಿನಿಂದ ಬರುವುದು, ನಮ್ಮ ಹೆಡ್‌ಮಾಸ್ತರರು ಚಪ್ಪಲಿ ಎಳೆಯುವುದು, ಎಲ್ಲ. ನನ್ನ ನಡಿಗೆಯನ್ನು ಮಾತ್ರ ಓಣಿಯ ಹುಡುಗರು ನನಗಿಂತ ಛಲೋ ಮಾಡುತ್ತಾರೆ: ಮುಳ್ಳಿನ ಹೊಲದಲ್ಲಿ ಕೊಕ್ಕರೆ ಹೋದಂತೆ.

ನನ್ನ ಚರ್ಮ ಹುಟ್ಟಿನಿಂದ ಹಾಗೆ. ತುಸು ಉಜ್ಜಿದರೆ ಗುಳ್ಳೆ. ಏನಾದರೂ ಅಂಟಿಸಿ ಎಳೆದರೆ ಸಿಪ್ಪೆಯಂತೆ ಸುಲಿದು ಬರುತ್ತದೆ. ಯಾರಿಗೂ ಹರಡುವ ರೋಗವಲ್ಲ. ದಿನಾ ಮುಂಜಾನೆ ಅವ್ವ ಕುದಿಸಿದ ಸೂಜಿಯಿಂದ ಗುಳ್ಳೆಯ ಬುಡ ಚುಚ್ಚಿ ನೀರಿಳಿಸುತ್ತಾಳೆ. ಮೇಲಿನ ತೊಗಲು ಕೀಳುವುದಿಲ್ಲ. ವ್ಯಾಸಲೀನ್ ಸವರಿದ ಮೆತ್ತನೆ ಬಟ್ಟೆ ಸುತ್ತುತ್ತಾಳೆ.

ಯುಗಾದಿ ಹತ್ತಿರವಿತ್ತು. ಶ್ರೀಶೈಲಕ್ಕೆ ನಡೆದು ಹೋಗುವವರಿಂದ ರಸ್ತೆ ತುಂಬಿತ್ತು. ಮುಧೋಳದ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು, ತೊಡೆಯ ಮೇಲೆ ಎಣ್ಣೆಯ ಡಬ್ಬಿ ಇಟ್ಟುಕೊಂಡವಳು, ಬಟ್ಟೆ ಸುತ್ತಿದ ನನ್ನ ಕಾಲು ನೋಡಿದಳು.

"ಏ ತಮ್ಮಾ, ಇದೇನ? ಮಂದಿಗೂ ಹತ್ತತೈತೇನ?"

"ಇಲ್ಲ್ರೀ ಅಮ್ಮಾರ. ಅದಕ್ಕ ನನ್ನ ಮ್ಯಾಲಷ್ಟ ಪ್ರೀತಿ."

ಆಕೆ ನಗಲಿಲ್ಲ. ಮೂಗಿಗೆ ಸೆರಗು ಹಿಡಿದು ಎದ್ದವಳು ಮುಧೋಳದವರೆಗೂ ನಿಂತೇ ಬಂದಳು.

ಬಸ್ಸಿಳಿದು ದವಾಖಾನೆಗೆ ಹೊರಟೆ. ಬಿಸಿಲಿಗೆ ಸೋತು, ಯಾತ್ರಿಕರಿಗೆ ಹಾಕಿದ ಪೆಂಡಾಲಿನಲ್ಲಿ ಕೂತು, ಕಾಲಿಗೆ ಸುತ್ತಿದ್ದ ಬೆವರಿದ ಬಟ್ಟೆ ಬಿಚ್ಚಿದೆ. ಅತ್ತ ಕಡೆಯಿಂದ ಯಾತ್ರಿಕರ ಕಾಲು ತೊಳೆಯುತ್ತ, ಎಣ್ಣೆ ಹಚ್ಚುತ್ತ ಬರುತ್ತಿದ್ದವಳು ಅದೇ ಹೆಂಗಸು. ಬಗ್ಗಿದ ತಲೆ ಎತ್ತಲಿಲ್ಲ. ಸಾಲಿನಲ್ಲಿದ್ದ ಕಾಲುಗಳನ್ನಷ್ಟೇ ನೋಡುತ್ತಿದ್ದಳು.

"ಎಷ್ಟ ನಡದ್ಯೋ ನನ್ನಪ್ಪಾ! ಎಲ್ಲಿಂದ ಬಂದಿ?"

"ಬನಹಟ್ಟಿಂದ್ರೀ."

ಸುಳ್ಳೇನಲ್ಲ.

ನನ್ನ ಪಾದವನ್ನು ಬರಿಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಅವ್ವನನ್ನು ಬಿಟ್ಟರೆ ಬರಿಗೈಯಲ್ಲಿ ಅದನ್ನು ಹಿಡಿದವರೇ ಇಲ್ಲ. ತೊಳೆದು ಒರೆಸಿ, ಗುಳ್ಳೆಯ ಮೇಲೆ ಹಚ್ಚಲು ಅಂಟುಪಟ್ಟಿ ಹೊರತೆಗೆದಾಗ 'ಬ್ಯಾಡ್ರಿ' ಅನ್ನಬೇಕಿತ್ತು. ಅಂದರೆ ಯಾಕೆಂದು ಹೇಳಬೇಕು. ಹೇಳಿದರೆ ಕೈ ಬಿಡುತ್ತಾಳೆ. ಆಕೆ ಪಟ್ಟಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಮೇಲೆ ಹಣೆ ಇಟ್ಟು ನಮಸ್ಕರಿಸಿದಳು.

ದವಾಖಾನೆಗೆ ಹೋಗದೆ ಮನೆಗೆ ಮರಳಿದೆ. ಅವ್ವ ಎಣ್ಣೆ ಬಿಟ್ಟು ಬಿಟ್ಟು ಪಟ್ಟಿ ನೆನೆಸಿದಳು. ಆದರೂ ಅದರ ಜೊತೆಗೇ ತೊಗಲು ಬಂತು.

"ಯಾವ ಹಾಟ್ಯಾ ಹಚ್ಚಿದನೋ ಇದನ್ನ? ನಿನಗ ಬಾಯಿ ಇರಲಿಲ್ಲೇನ?"

"ಎಷ್ಟ ನಡದ್ಯೋ ನನ್ನಪ್ಪಾ!" ಎಂದು ಆಕೆಯ ದನಿಯಲ್ಲೇ ಅಂದೆ.

ನನ್ನ ಅಣಕಕ್ಕೆ ಅವ್ವ ನಗದೆ ಇದ್ದದ್ದು ಅದೇ ಮೊದಲು.

ಹದಿನೈದು ದಿನ ಕಾಲು ಊರಲಿಲ್ಲ. ಆಕೆಯ ದನಿ ಮಾತ್ರ ನನ್ನ ಗಂಟಲಲ್ಲಿ ಭೇಷ್ ಕೂತಿದೆ. ಬಸ್ಸಿನದು ಬೇಕೋ ಪೆಂಡಾಲಿನದು ಬೇಕೋ ಹೇಳಿ, ಮಾಡಿ ತೋರಿಸುತ್ತೇನೆ.