ಒಂದು ದಸ್ತಾ, ಒಂಬತ್ತು ಇಂಚು

೧೯೫೨ರಲ್ಲಿ ನಾನು ಶಹಾಬಾದಿನ ಒಂದು ಸರ್ಕಾರಿ ಗ್ಯಾರೇಜಿನಲ್ಲಿ ಫಿಟರ್ ಆಗಿದ್ದೆ. ವಾಡಿಯಿಂದ ಚಿಂಚೋಳಿಯವರೆಗೆ ನನ್ನಂಥ ಫಿಟರ್ ಇನ್ನೊಬ್ಬನಿರಲಿಲ್ಲ. ಈ ಮಾತು ಹೇಳಿದವರು ಯಾರೆಂದು ಕೇಳಬೇಡಿ. ನಾನೇ ಹೇಳುತ್ತಿದ್ದೆ, ಯಾರೂ ಅಲ್ಲವೆನ್ನಲಿಲ್ಲ.

ನಮ್ಮ ಗ್ಯಾರೇಜಿಗೆ ರಿಪೇರಿಗೆ ಬರುತ್ತಿದ್ದ ಗಾಡಿಗಳಲ್ಲಿ ಸಂಚಾರಿ ದವಾಖಾನೆಯ ವ್ಯಾನೂ ಒಂದು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಟ್ರಕ್ಕು ಅದು. ಹಿಂದೆ ತಗಡಿನ ಗೂಡು ಕಟ್ಟಿ, ಪಕ್ಕಕ್ಕೊಂದು ಕಟ್ಟಿಗೆಯ ಬೆಂಚು ಹಾಕಿ, ಔಷಧಿ ಪೆಟ್ಟಿಗೆ ಇಟ್ಟಿದ್ದರು. ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಿಗೆಲ್ಲ ಅದು ಹೋಗಬೇಕು. ಸಾಮಾನು ಹೇರುವ ಗಾಡಿಯಾದ್ದರಿಂದ ಒಳಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಮೂಟೆಗೆ ಕೈ ಇರುವುದಿಲ್ಲವಲ್ಲ.

ಆ ವ್ಯಾನಿನಲ್ಲಿ ನರ್ಸ್ ಶಾಂತಾಬಾಯಿ ಹೋಗುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಎತ್ತರದಲ್ಲಿ ನನ್ನ ಎದೆಗೆ ಬರುತ್ತಿದ್ದರು. ಆ ಬೇಸಿಗೆಯಲ್ಲಿ ಭಂಕೂರ ದಾಟಿ ಒಂದು ನಾಲಾಕ್ಕೆ ಗಾಡಿ ಇಳಿಯುವಾಗ ಬೆಂಚಿನಿಂದ ಹಾರಿಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪಟ್ಟಿ ಕಟ್ಟಿದ್ದರು. ಪಟ್ಟಿ ಬಿಚ್ಚಿದ ದಿನವೇ, ಒಂದು ಗುರುವಾರ, ನನ್ನ ಬಳಿ ಬಂದರು.

“ಮಿಸ್ತ್ರಿ, ಸೋಮವಾರ ನಾ ಮತ್ತ ಗಾಡಿ ಹತ್ತಬೇಕು. ಕುಂತಲ್ಲಿ ಹಿಡ್ಕೊಳ್ಳಾಕ ಏನರ ಹಾಕಿಕೊಡು.”

“ನನ್ನ ರುಮಾಲು ಬಿಚ್ಚಿ ಕಟ್ಲೇನು, ಶಾಂತಕ್ಕಾ?”

“ನಗಬ್ಯಾಡೋ. ಈ ಕೈ ಇನ್ನೊಮ್ಮಿ ಮುರದ್ರ ಹೆರಿಗಿ ಮಾಡ್ಸೋದು ಮುಗೀತು. ಅಂಜಿಕಿ ಇದ್ರ ಇಲ್ಲೇ ದವಾಖಾನಿಯಾಗ ಕುಂದ್ರಿ ಅಂತಾರ ಡಾಕ್ಟರ್ ಸಾಹೇಬ್ರು. ನಾ ಕುಂತ್ರ ಆ ಹಳ್ಳಿ ಹೆಣ್ಮಕ್ಕಳ ಗತಿ ಏನು? ಗಂಡಸ ಡಾಕ್ಟರ್ ಮುಂದ ಅವ್ರು ನಾಲಿಗಿನೂ ತೋರ್ಸಂಗಿಲ್ಲ.”

ನಾನು ನಗುವುದನ್ನು ಬಿಟ್ಟೆ.

ಗ್ಯಾರೇಜಿನಲ್ಲಿ ಒಂದು ಮೊಳೆ ಬೇಕಾದರೂ ಸ್ಟೋರಿಗೆ ಇಂಡೆಂಟು, ಅಂದರೆ ಬೇಡಿಕೆ ಚೀಟಿ, ಬರೆಯಬೇಕಿತ್ತು. ನಮ್ಮಲ್ಲಿ ಆಗಿನ್ನೂ ಕಾಗದಪತ್ರ ಉರ್ದುವಿನಲ್ಲೇ ನಡೆಯುತ್ತಿತ್ತು. ನಾನು ಉರ್ದು ಶಾಲೆಯಲ್ಲಿ ಓದಿದವನು. ಅಕ್ಷರ ಮುತ್ತಿನ ಹಾಗೆ. ಆ ಗರ್ವದಲ್ಲಿ ‘ದವಾಖಾನೆ ಗಾಡಿಗೆ ಒಂದು ದಸ್ತಾ’ ಎಂದು ಬರೆದು ಕಳಿಸಿದೆ. ದಸ್ತಾ ಅಂದರೆ ಹಿಡಿಕೆ. ಶುಕ್ರವಾರ ಸ್ಟೋರಿನಿಂದ ಇಪ್ಪತ್ತನಾಲ್ಕು ಹಾಳೆ ಬಿಳಿ ಕಾಗದ ಬಂತು. ಕಾಗದದ ಲೆಕ್ಕಕ್ಕೂ ದಸ್ತಾ ಎನ್ನುತ್ತಾರೆ, ಮರೆತಿದ್ದೆ.

ಸ್ಟೋರಿನ ಮುನ್ಶಿ ಖಾಜಾ ಮಿಯಾ. ಅವರನ್ನು ನಾನು ಚಾಚಾ ಎನ್ನುತ್ತಿದ್ದೆ. ಮುದುಕರು ಅಪ್ಪಟ ಉರ್ದು ಪಂಡಿತರು, ತಪ್ಪು ತಿಳಿದಿರಬೇಕು ಎಂದು ಇನ್ನೊಂದು ಚೀಟಿ ಬರೆದೆ: ‘ಕಾಗದವಲ್ಲ. ಕೈಯಲ್ಲಿ ಹಿಡಿಯುವ, ಗಟ್ಟಿಮುಟ್ಟಾದ ದಸ್ತಾ, ಒಂಬತ್ತು ಇಂಚು.’ ಶನಿವಾರ ಮಧ್ಯಾಹ್ನ ಬಟ್ಟೆಯಲ್ಲಿ ಸುತ್ತಿದ ಭಾರದ ವಸ್ತುವೊಂದು ಬಂತು. ಬಿಚ್ಚಿದರೆ ಹಿತ್ತಾಳೆಯ ಕುಟ್ಟಾಣಿ, ಒರಳಿಲ್ಲ, ಬರೀ ಕೋಲು. ಮಸಾಲೆ ಕುಟ್ಟುವ ಆ ಕೋಲಿಗೂ ಉರ್ದುವಿನಲ್ಲಿ ದಸ್ತಾ ಎಂದೇ ಹೆಸರು. ಅಳೆದು ನೋಡಿದೆ, ಸರಿಯಾಗಿ ಒಂಬತ್ತು ಇಂಚು.

ಆಗ ಗೊತ್ತಾಯಿತು, ಮುದುಕರು ತಪ್ಪು ತಿಳಿದಿರಲಿಲ್ಲ. ಹಿಂದಿನ ತಿಂಗಳು ನಾನು ಅವರ ಕುರ್ಚಿಯ ದಿಂಬಿನ ಕೆಳಗೆ ಮೋಟಾರಿನ ರಬ್ಬರ್ ಹಾರ್ನ್ ಇಟ್ಟಿದ್ದೆ. ತಪಾಸಣೆಗೆ ಬಂದ ಸಾಹೇಬರಿಗೆ ಸಲಾಮು ಮಾಡಿ ಚಾಚಾ ಕುಳಿತರು, ಕುರ್ಚಿ ‘ಪೋಂ’ ಎಂದಿತು. ಸಾಹೇಬರು ಬಾಗಿಲಿನಿಂದ ಸರಿದು ನಿಂತರು, ಗಾಡಿ ಬಂತೆಂದು. ಆ ಸೇಡು ಇದು.

ಬೇರೆಯವನಾಗಿದ್ದರೆ ಜಗಳಕ್ಕೆ ಹೋಗುತ್ತಿದ್ದ. ನಾನು ಕುಟ್ಟಾಣಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಎರಡು ತುದಿ ದಪ್ಪ, ನಡು ಸಣ್ಣ, ಬೆವರಿದ ಕೈಯೂ ಜಾರುವಂತಿಲ್ಲ. ಸ್ಟೋರಿನಲ್ಲಿದ್ದ ಯಾವ ಹಿಡಿಕೆಗಿಂತಲೂ ಉತ್ತಮ. ಇದನ್ನೇ ಹಾಕುವುದೆಂದು ನಿಶ್ಚಯಿಸಿದೆ.

ಇಲ್ಲಿ ಕೆಲಸದ ಗುಟ್ಟೊಂದು ಹೇಳಬೇಕು. ತಗಡಿಗೆ ಬೋಲ್ಟ್ ಹಾಕಿದರೆ ಮೊದಲ ಜೋಲಿಗೇ ತಗಡು ಹರಿದು ಬರುತ್ತದೆ. ತಗಡಿಗೆ ಒಳಗಿನಿಂದ ಆಸರೆಯಾಗಿ ನಿಂತ ಸಾಗವಾನಿ ಕಂಬಕ್ಕೇ ಬೋಲ್ಟ್ ದಾಟಿಸಬೇಕು. ಹಿಂಬದಿಯ ಬಾಗಿಲ ಪಕ್ಕ, ಶಾಂತಾಬಾಯಿ ಕೂರುವ ಜಾಗದ ಎಡಕ್ಕೆ ಅಂಥದೊಂದು ಕಂಬವಿತ್ತು. ನಾನು ಬೆಂಚಿನ ಮೇಲೆ ಕುಳಿತು ಕೈ ಚಾಚಿ ಸೀಮೆಸುಣ್ಣದ ಗುರುತು ಹಾಕಿದೆ. ಭಾನುವಾರ ಬೆಳಿಗ್ಗೆ ಶಾಂತಾಬಾಯಿಯನ್ನು ಕೂರಿಸಿದರೆ ಅವರ ಕೈ ಗುರುತಿಗಿಂತ ಒಂದು ಗೇಣು ಕೆಳಗೇ ನಿಂತಿತು.

“ನಿನ್ನ ಹಿಡಿಕಿ ನಿನಗೇ ಆತು. ನಾ ಮಂಗ್ಯಾ ಆಗಿ ಜೋತು ಬೀಳಬೇಕೇನು?” ಎಂದರು.

“ತಡೀರಿ ಅಕ್ಕಾ, ಮೊದಲ ಚಾ ಕುಡೀರಿ” ಎಂದು ಬಲಗೈಗೆ ಖಾಲಿ ಕಪ್ಪು ಕೊಟ್ಟು, “ತರ್ತಾರ” ಎಂದೆ. ಮುಂದೆ ಕುಳಿತಿದ್ದ ಡ್ರೈವರನಿಗೆ ಸನ್ನೆ ಮಾಡಿದೆ. ಅವನು ಕ್ಲಚ್ ಫಕ್ಕನೆ ಬಿಟ್ಟ. ಗಾಡಿ ಒಮ್ಮೆ ಜಿಗಿಯಿತು. ಶಾಂತಾಬಾಯಿಯ ಎಡಗೈ ತಾನಾಗಿ ಹಾರಿ ಕಂಬ ಹಿಡಿಯಿತು. ಆ ಬೆರಳುಗಳ ಸುತ್ತ ನಾನು ಗುರುತು ಹಾಕಿದೆ.

ಆಮೇಲೆ ಅವರು ಬೈದದ್ದನ್ನು ಬರೆಯುವಂತಿಲ್ಲ. ಒಂದು ಮಾತ್ರ ಬರೆಯಬಹುದು: “ನಿನ್ನ ಹೆರಿಗಿ ಮಾಡ್ಸಿದಾಕೀನ ಕರ್ಕೊಂಡು ಬಾ. ಕೇಳೋದದ, ಯಾಕ ಇದನ್ನ ಹೊರಗ ತಗದಿ ಅಂತ.”

ಕುಟ್ಟಾಣಿಗೆ ಎರಡು ತೂತು ಕೊರೆದೆ. ಅದಕ್ಕೂ ಕಂಬಕ್ಕೂ ನಡುವೆ ಬೆರಳು ಹಿಡಿಸುವಷ್ಟು ಎತ್ತರಕ್ಕೆ ಕೊಳವೆಯ ತುಂಡು ಕೊಟ್ಟು, ಬೋಲ್ಟ್ ದಾಟಿಸಿ, ಹೊರಗಿನಿಂದ ಕಬ್ಬಿಣದ ಪಟ್ಟಿ ಇಟ್ಟು ನಟ್ ಬಿಗಿದೆ. ನಟ್ ಬಿಚ್ಚಿಕೊಳ್ಳಬಾರದೆಂದು ಬೋಲ್ಟಿನ ತುದಿ ಬಡಿದು ಅಗಲ ಮಾಡಿದೆ. ಇನ್ನು ಅದನ್ನು ಗರಗಸವೇ ತೆಗೆಯಬೇಕು.

ಸೋಮವಾರ ಗಾಡಿ ಹೋಯಿತು. ನಾನು ಇಡೀ ದಿನ ಯಾರಿಗೂ ಚೇಷ್ಟೆ ಮಾಡಲಿಲ್ಲ. ಗ್ಯಾರೇಜಿನವರು ನನಗೆ ಜ್ವರವೆಂದುಕೊಂಡರು. ಸಂಜೆ ವ್ಯಾನ್ ಬಂತು. ಅದೇ ನಾಲಾದಲ್ಲಿ ಮುಂದಿನ ಗಾಲಿ ಕುಸಿದಿತ್ತಂತೆ. ಔಷಧಿ ಪೆಟ್ಟಿಗೆ ಜಾರಿ, ಕಂಪೌಂಡರ್ ಅದರ ಮೇಲೆ ಉರುಳಿದ್ದ. ಶಾಂತಾಬಾಯಿ ಕೂತಲ್ಲಿಂದ ಅಲ್ಲಾಡಿರಲಿಲ್ಲ. ಇಳಿದು ಬಂದು ಎಡಗೈಯನ್ನು ನನ್ನ ಮೂಗಿಗೆ ಹಿಡಿದರು.

“ಮಿಸ್ತ್ರಿ, ಹಿಡಿಕಿ ಭಾಳ ಚೊಲೊ ಅದ. ಆದ್ರ ಬಳ್ಳೊಳ್ಳಿ ವಾಸನಿ ಯಾಕ?”

ಸ್ಟೋರಿನ ಸಾಮಾನಿಗೆ ಎಣ್ಣೆಯ ವಾಸನೆ ಇರಬೇಕು, ಬೆಳ್ಳುಳ್ಳಿಯದಲ್ಲ. ಮರುದಿನ ಬೆಳಿಗ್ಗೆ ಚಾಚಾ ತಲೆ ತಗ್ಗಿಸಿ ಬಂದರು.

“ಶರಣೂ, ಮಜಾಕ್ ಆತು. ಅದು ನಮ್ಮ ಮನೀದು, ವಾಪಸ್ ಕೊಡು. ನಿಮ್ಮ ಚಾಚಿ ಮೂರು ದಿನದಿಂದ ಸಪ್ಪನ ಸಾರು ಹಾಕಾಕತ್ಯಾಳ.”

“ಚಾಚಾ, ಇಂಡೆಂಟಿಗೆ ನಿಮ್ಮ ಸಹಿ ಅದ. ಸರ್ಕಾರಿ ಮಾಲು ಆಗೇದ” ಎಂದೆ.

ಅರ್ಧ ಗಂಟೆಯಲ್ಲಿ ಚಾಚಿಯೇ ಬಂದರು. ದೊಡ್ಡ ಮೈಯವರು. ದನಿ ಅದಕ್ಕಿಂತ ದೊಡ್ಡದು. “ಎಲ್ಲ್ಯದ ನನ್ನ ತಾಯಿ ಮನೀ ದಸ್ತಾ?” ಎನ್ನುತ್ತ ನೇರವಾಗಿ ವ್ಯಾನಿನ ಹಿಂಬಾಗಿಲಿಗೆ ಹೋದರು. ಮೆಟ್ಟಿಲು ಎತ್ತರ. ಕೈ ಒಳಗೆ ಹಾಕಿ ಸಿಕ್ಕಿದ್ದನ್ನು ಹಿಡಿದು, ಉಸ್ಸೆಂದು ಮೇಲೆ ಹತ್ತಿದರು. ಹತ್ತಿದ ಮೇಲೆ ತಾವು ಹಿಡಿದದ್ದು ಏನೆಂದು ನೋಡಿದರು. ಒಳಗೆ ಪೆಟ್ಟಿಗೆ ಜೋಡಿಸುತ್ತಿದ್ದ ಶಾಂತಾಬಾಯಿ ಬಲಗೈ ಮಣಿಕಟ್ಟು ತೋರಿಸಿದರು. ಊತ ಇನ್ನೂ ಇಳಿದಿರಲಿಲ್ಲ.

ಚಾಚಿ ಕುಟ್ಟಾಣಿಯನ್ನು ಎರಡು ಸಲ ಜಗ್ಗಿದರು. ನನ್ನ ಕೆಲಸ, ಅಲುಗುತ್ತದೆಯೇ?

“ಇದನ್ನೇ ಹಿಡ್ದು ಹತ್ತೀನಿ. ಈಗ ಇದನ್ನೇ ಹೆಂಗ ಕೀಳ್ಸಲಿ?” ಎಂದರು. ಆಮೇಲೆ ಕೆಳಗೆ ನಿಂತಿದ್ದ ಗಂಡನ ಕಡೆ ತಿರುಗಿ, “ಇವತ್ತಿಂದ ಮಸಾಲಿ ನೀವ ಕಲ್ಲಿನ್ಯಾಗ ಅರೀರಿ” ಎಂದರು.

ಆ ಹಿಡಿಕೆ ನಾಲ್ಕು ವರ್ಷ ಓಡಾಡಿತು. ಎಷ್ಟು ಹೆರಿಗೆಗೆ ಹೋಗಿ ಬಂತೋ ಲೆಕ್ಕವಿಲ್ಲ. ಶಾಂತಾಬಾಯಿ ಮತ್ತೆಂದೂ ಬೀಳಲಿಲ್ಲ. ಆಮೇಲೆ ನಾನು ಎಷ್ಟೋ ಗಾಡಿಗೆ ಹಿಡಿಕೆ ಹಾಕಿದೆ. ಪ್ರತಿ ಸಲವೂ ಮೊದಲು ಗಾಡಿ ಜಿಗಿಸಿ, ಹೆದರಿದ ಕೈ ಎಲ್ಲಿಗೆ ಓಡುತ್ತದೆಂದು ನೋಡಿಯೇ ಗುರುತು ಹಾಕಿದೆ. ಮನುಷ್ಯರು ಬಾಯಲ್ಲಿ ಕೇಳುವ ಎತ್ತರ ಬೇರೆ, ಬೀಳುವಾಗ ಕೈ ಕೇಳುವ ಎತ್ತರ ಬೇರೆ. ನನ್ನ ಕಸುಬು ನನಗೆ ಕಲಿಸಿದ್ದು ಅಷ್ಟು. ಬೈಗುಳವನ್ನು ಬೇರೆ ಎಣಿಸಬೇಕು.

೧೯೫೬ರಲ್ಲಿ ವ್ಯಾನ್ ಗುಜರಿಗೆ ಹೋಗುವ ಮೊದಲು ಬೋಲ್ಟ್ ಗರಗಸದಿಂದ ಕೊಯ್ದು, ಕುಟ್ಟಾಣಿ ತೆಗೆದುಕೊಂಡು ಚಾಚಿಯ ಮನೆಗೆ ಹೋದೆ. ಜನರ ಕೈ ಉಜ್ಜಿ ಉಜ್ಜಿ ಅದು ಬಂಗಾರದ ಹಾಗೆ ಹೊಳೆಯುತ್ತಿತ್ತು. ಚಾಚಿ ಒರಳಿಗೆ ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಕುಟ್ಟಿ ನೋಡಿದರು. ನಂತರ ಎತ್ತಿ ನನ್ನ ಮುಂದೆ ಹಿಡಿದರು.

“ಮಿಸ್ತ್ರಿ, ಅರ್ಧ ಬಳ್ಳೊಳ್ಳಿ ನಿನ್ನ ತೂತಿನ್ಯಾಗ ಹೋತು. ಕುಂದರು. ಕಡ್ಡಿ ತೊಗೊಂಡು ತಗಿ. ತಗದ ಮ್ಯಾಲೆ ಊಟ.”

ತೆಗೆದೆ. ಸಾರು ಭಾಳ ಚೆನ್ನಾಗಿತ್ತು.